ನಾಲ್ವರು ಬರೆದರು, ಉಳಿದವರು ನೋಡುತ್ತ ಕುಳಿತರು

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಯಲ್ಲಿ 46 ಮಕ್ಕಳಿದ್ದಾರೆ. ಸುಮಾರು ಅರ್ಧದಷ್ಟು ಮಕ್ಕಳ ಮನೆಮಾತು ಕನ್ನಡ, ಉಳಿದವರದು ಲಂಬಾಣಿ, ತೆಲುಗು ಮತ್ತು ಉರ್ದು. ಒಬ್ಬ ಹುಡುಗಿಗೆ ದೃಷ್ಟಿ ಬಹಳ ಮಂದ. ಒಬ್ಬ ಹುಡುಗ ಶ್ರವಣ ಸಾಧನ ಹಾಕಿಕೊಳ್ಳುತ್ತಾನೆ. ಏಳೆಂಟು ಮಕ್ಕಳು ಇನ್ನೂ ಅಕ್ಷರ ಕೂಡಿಸಿಕೊಂಡೇ ಓದುತ್ತಾರೆ. ಕಂಪ್ಯೂಟರ್ ಕೊಠಡಿಯಲ್ಲಿ ಎಂಟು ಯಂತ್ರಗಳು ಕೆಲಸ ಮಾಡುತ್ತವೆ. ಇಂಟರ್‌ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ತರಬೇತಿಯೊಂದರಲ್ಲಿ ಗೂಗಲ್ ಡಾಕ್ಸ್ ಮತ್ತು ಚೀಟಿ ಅಂಟಿಸುವ ಹಲಗೆಯಂತಿರುವ ಪ್ಯಾಡ್ಲೆಟ್‌ನಲ್ಲಿ ಮಕ್ಕಳೆಲ್ಲ ಒಟ್ಟಿಗೆ ಬರೆಯುವುದನ್ನು ತೋರಿಸಿದರು. ನಾನೂ ಮಾಡಿ ನೋಡಿದೆ. ಚುರುಕಾದ ನಾಲ್ವರು ಎಲ್ಲವನ್ನೂ ಬರೆದು ಮುಗಿಸಿದರು, ಉಳಿದವರು ನೋಡುತ್ತ ಕುಳಿತರು. ಇಂಥ ಸಾಧನಗಳಿಂದ ಹಿಂದೆ ಉಳಿದ ಮಕ್ಕಳಿಗೆ ನಿಜವಾಗಿಯೂ ಪ್ರಯೋಜನವಿದೆಯೇ?

ಉತ್ತರ: ನೀವು ಕಂಡದ್ದನ್ನು ಮುಚ್ಚಿಡದೆ ಬರೆದಿರುವುದಕ್ಕೆ ಮೊದಲು ನಿಮಗೆ ಕೃತಜ್ಞತೆಗಳು. ಬಹುಪಾಲು ತರಬೇತಿಗಳು ಈ ಮಾತನ್ನು ಹೇಳುವುದೇ ಇಲ್ಲ. ಖಾಲಿ ಪುಟವೊಂದನ್ನು ಹಲವರ ಮುಂದೆ ಏಕಕಾಲಕ್ಕೆ ತೆರೆದಿಟ್ಟರೆ ಅಲ್ಲಿ ಬೆರಳು ಓಡುವವರದೇ ಮೇಲುಗೈ. ಮಾಮೂಲಿ ತರಗತಿಯಲ್ಲಿ ಮೊದಲು ಕೈಯೆತ್ತಿದವರಿಗೆ ಸಿಗುತ್ತಿದ್ದ ಅವಕಾಶ ಇಲ್ಲಿ ಮೊದಲು ಟೈಪ್ ಮಾಡಿದವರಿಗೆ ಸಿಗುತ್ತದೆ. ಓದು ನಿಧಾನವಾಗಿರುವ, ಕೀಲಿಮಣೆ ಅಭ್ಯಾಸವಿಲ್ಲದ, ಮನೆಯಲ್ಲಿ ಬೇರೆ ಭಾಷೆ ಆಡುವ ಮಗು ಒಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಪುಟ ತುಂಬಿಹೋಗಿರುತ್ತದೆ. ಹಾಗಾಗಿ ಪಾಠದ ರಚನೆಯನ್ನು ಬದಲಿಸದೆ ಸಾಧನವನ್ನು ಮಾತ್ರ ತಂದರೆ ಅಂತರ ಹೆಚ್ಚುವ ಸಂಭವವೇ ಹೆಚ್ಚು.

ಆದರೂ ಪ್ರಯೋಜನವಿದೆ ಎಂದೇ ನನ್ನ ಉತ್ತರ. ಒಂದೇ ಕೆಲಸದೊಳಕ್ಕೆ ಬರಲು ಮಕ್ಕಳಿಗೆ ಬೇರೆ ಬೇರೆ ದಾರಿಗಳನ್ನು ಮಾಡಿಕೊಟ್ಟಾಗ ಈ ಸಾಧನಗಳು ಕಪ್ಪುಹಲಗೆಗೂ ನೋಟ್‌ಪುಸ್ತಕಕ್ಕೂ ಸಾಧ್ಯವಾಗದ್ದನ್ನು ಮಾಡುತ್ತವೆ. ಒಬ್ಬಳು ಧ್ವನಿಯಲ್ಲಿ, ಒಬ್ಬ ಚಿತ್ರದಲ್ಲಿ, ಇನ್ನೊಬ್ಬ ಎರಡೇ ಪದ ಟೈಪ್ ಮಾಡಿ, ಮತ್ತೊಬ್ಬಳು ಮರುದಿನ ಬೆಳಿಗ್ಗೆ ಬಂದು ಅದೇ ಪುಟಕ್ಕೆ ತನ್ನ ಪಾಲು ಸೇರಿಸಬಹುದು. ನಿಧಾನಿಗಳಿಗೆಂದು ಸುಲಭದ ಬೇರೆ ಹಾಳೆ ಹಂಚಿದ ದಿನವೇ ಆ ಮಕ್ಕಳು ಗುಂಪಿನಿಂದ ಹೊರಗಾಗುತ್ತಾರೆ. ಕೆಲಸ ಎಲ್ಲರಿಗೂ ಒಂದೇ ಇರಲಿ, ಅದರೊಳಗೆ ಬರುವ ಬಾಗಿಲುಗಳು ಹಲವಿರಲಿ.

ಇದು ನಿಮ್ಮ ಮಕ್ಕಳಿಗೆ ಹೊಸತೂ ಅಲ್ಲ. ಅವರಲ್ಲಿ ಹೆಚ್ಚಿನವರು ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಪದ್ಧತಿಯಲ್ಲಿ ಕಲಿತು ಬಂದವರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿದ ಆ ಪದ್ಧತಿಯಲ್ಲಿ ಮಕ್ಕಳು ಎಷ್ಟು ನೆರವು ಬೇಕೋ ಅದಕ್ಕೆ ತಕ್ಕ ಗುಂಪಿನಲ್ಲಿ ಕೂರುತ್ತಿದ್ದರು. ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಗೆಳೆಯರ ನೆರವಿನ ಗುಂಪಿಗೆ, ಅಲ್ಲಿಂದ ಸ್ವಕಲಿಕೆಯ ಗುಂಪಿಗೆ, ಕಲಿಕೆಯ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿಯನ್ನು ನೋಡಿಕೊಂಡು ತಾವೇ ಎದ್ದು ಹೋಗುತ್ತಿದ್ದರು. ಯಾರೂ ಅದನ್ನು ಅವಮಾನವೆಂದು ತಿಳಿಯುತ್ತಿರಲಿಲ್ಲ, ಏಕೆಂದರೆ ಇಂದು ಗಣಿತದಲ್ಲಿ ಮೊದಲ ಗುಂಪಿನಲ್ಲಿದ್ದವನು ಕನ್ನಡದಲ್ಲಿ ಕೊನೆಯ ಗುಂಪಿನಲ್ಲಿರುತ್ತಿದ್ದ. ಪ್ರೌಢಶಾಲೆಗೆ ಬರುವ ಹೊತ್ತಿಗೆ ನಾವು ಅವರನ್ನು ಸಾಲಾಗಿ ಹಲಗೆಯ ಕಡೆ ಮುಖ ಮಾಡಿ ಕೂರಿಸಿಬಿಡುತ್ತೇವೆ. ಅಮೆರಿಕದ ಕ್ಯಾಸ್ಟ್ ಎಂಬ ಸಂಸ್ಥೆ 1984ರಲ್ಲಿ ಆರಂಭವಾಗಿ ಮುಂದೆ ಸಾರ್ವತ್ರಿಕ ಕಲಿಕಾ ವಿನ್ಯಾಸ ಎಂಬ ಚೌಕಟ್ಟನ್ನು ರೂಪಿಸಿತು. ಕಲಿಕೆಯಲ್ಲಿ ತೊಡಗಲು, ವಿಷಯವನ್ನು ಗ್ರಹಿಸಲು, ಕಲಿತದ್ದನ್ನು ತೋರಿಸಲು ಮಕ್ಕಳಿಗೆ ಒಂದಕ್ಕಿಂತ ಹೆಚ್ಚು ದಾರಿಗಳಿರಬೇಕು ಎಂಬುದು ಅದರ ತಿರುಳು. ನಲಿ-ಕಲಿಯ ತರಗತಿಯನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಆ ಚೌಕಟ್ಟು ಪರಿಚಿತವೆನಿಸುತ್ತದೆ.

ಈಗ ನಿಮ್ಮ ನಾಲ್ವರ ಸಮಸ್ಯೆಗೆ ಬರೋಣ. 1971ರಲ್ಲಿ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಶಾಲೆಗಳಲ್ಲಿ ವರ್ಣಭೇದದ ಪ್ರತ್ಯೇಕತೆ ಕೊನೆಗೊಂಡು ಕಪ್ಪು, ಬಿಳಿ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಸಲ ಒಂದೇ ಕೊಠಡಿಯಲ್ಲಿ ಕೂತಾಗ ಜಗಳಗಳು ಹೆಚ್ಚಿದವು. ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ತರಗತಿಗಳಲ್ಲಿ ಕೂತು ನೋಡಿದಾಗ ಅವರಿಗೆ ಕಂಡದ್ದು ಪೈಪೋಟಿ: ಶಿಕ್ಷಕರ ಮೆಚ್ಚುಗೆಗಾಗಿ ಕೆಲವರು ಕೈಯೆತ್ತುತ್ತಾರೆ, ಉಳಿದವರು ತಲೆತಗ್ಗಿಸುತ್ತಾರೆ. ಅವರು ಪಾಠವನ್ನು ತುಂಡುಗಳಾಗಿ ಒಡೆದು, ಗುಂಪಿನ ಪ್ರತಿ ಮಗುವಿಗೂ ಒಂದೊಂದು ತುಂಡನ್ನು ಮಾತ್ರ ಕೊಟ್ಟರು. ಒಬ್ಬನ ತುಂಡು ಇನ್ನೊಬ್ಬನಲ್ಲಿ ಇಲ್ಲದ್ದರಿಂದ, ತಡವರಿಸಿ ಮಾತಾಡುವವನ ಮಾತನ್ನೂ ಚುರುಕಿನವರು ಕಾದು ಕೇಳಲೇಬೇಕಾಯಿತು. ಜಿಗ್‌ಸಾ ವಿಧಾನವೆಂದು ಹೆಸರಾದ ಈ ಕ್ರಮ ನಿಮ್ಮ ತರಗತಿಗೆ ಹೇಳಿ ಮಾಡಿಸಿದಂತಿದೆ.

ಉದಾಹರಣೆಗೆ ನಿಮ್ಮೂರಿನ ನೀರಿನ ಮೂಲಗಳನ್ನೇ ವಿಷಯವಾಗಿ ತೆಗೆದುಕೊಳ್ಳಿ. ತೆರೆದ ಬಾವಿ, ಕೊಳವೆಬಾವಿ, ಕೆರೆ, ಕಾಲುವೆ, ನಲ್ಲಿ ಎಂದು ಐದು ತುಂಡುಗಳಾಗುತ್ತವೆ. ಐದೈದು ಮಕ್ಕಳ ಎಂಟು ಗುಂಪು, ಆರು ಮಕ್ಕಳ ಒಂದು ಗುಂಪು ಮಾಡಿದರೆ 46 ಮಕ್ಕಳೂ ಸೇರಿದಂತಾಯಿತು. ಪ್ರತಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಮೂಲ ಬರುತ್ತದೆ, ಆರನೆಯವರು ತಮಗೆ ಇಷ್ಟವಾದ ಮೂಲಕ್ಕೆ ಸೇರುತ್ತಾರೆ. ಒಂದೇ ಮೂಲ ಪಡೆದವರು ಮೂವರ ತಂಡಗಳಾಗಿ ಒಂದು ಯಂತ್ರದ ಮುಂದೆ ಕೂತರೆ ಒಟ್ಟು 15 ತಂಡಗಳಾಗುತ್ತವೆ, ಅವುಗಳಲ್ಲಿ ಒಂದರಲ್ಲಿ ಮಾತ್ರ ನಾಲ್ವರು. ಮೊದಲ ಅವಧಿಯಲ್ಲಿ ಎಂಟು ತಂಡ, ಮುಂದಿನ ಅವಧಿಯಲ್ಲಿ ಏಳು ತಂಡ. ಹೊರಗುಳಿದ ತಂಡಗಳು ಆ ಹೊತ್ತಿನಲ್ಲಿ ಸುಮ್ಮನೆ ಕೂರುವುದಿಲ್ಲ, ಶಾಲೆಯ ಹಿಂದಿನ ಕೈಪಂಪನ್ನೋ ಹತ್ತಿರದ ಬಾವಿಯನ್ನೋ ನೋಡಿ, ಹಿರಿಯರನ್ನು ಕೇಳಿ, ನೋಟ್‌ಪುಸ್ತಕದಲ್ಲಿ ಗುರುತು ಹಾಕಿಕೊಂಡು ಬರುತ್ತವೆ. ಒಂದು ಯಂತ್ರಕ್ಕೆ ಆರು ಮಕ್ಕಳನ್ನು ಕೂರಿಸಿ ಒಂದೇ ಅವಧಿಯಲ್ಲಿ ಮುಗಿಸುವ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ. ಐದನೆಯ ಮಗುವಿಗೆ ಪರದೆಯೇ ಕಾಣುವುದಿಲ್ಲ.

ಪುಟ ಖಾಲಿಯಾಗಿರಬಾರದು. ಗೂಗಲ್ ಡಾಕ್ಸ್‌ನಲ್ಲಿ ಮೊದಲೇ ಒಂದು ಕೋಷ್ಟಕ ಹಾಕಿ, ಪ್ರತಿ ತಂಡಕ್ಕೆ ಒಂದು ಸಾಲು ಕೊಡಿ, ಸಾಲಿನೊಳಗೆ ಮೂರು ಮನೆಗಳಿರಲಿ: ನಾವು ಕಂಡದ್ದು, ಹಿರಿಯರು ಹೇಳಿದ್ದು, ನಮಗೆ ಬಂದ ಪ್ರಶ್ನೆ. ಒಂದೊಂದು ಮನೆಗೆ ಒಬ್ಬೊಬ್ಬರು ಹೊಣೆ. ಬೇರೆಯವರ ಮನೆಯಲ್ಲಿ ಬರೆಯುವಂತಿಲ್ಲ, ಆದರೆ ಅದರ ಪಕ್ಕದಲ್ಲಿ ಟಿಪ್ಪಣಿ ಹಾಕಿ ಕೇಳಬಹುದು. ಈ ಸಣ್ಣ ನಿಯಮವೊಂದೇ ನಿಮ್ಮ ನಾಲ್ವರನ್ನು ಬರೆಯುವವರಿಂದ ಕೇಳುವವರನ್ನಾಗಿ ಬದಲಿಸುತ್ತದೆ, ಕೇಳುವುದೂ ಅವರು ಕಲಿಯಬೇಕಾದ ವಿದ್ಯೆಯೇ. ಯಂತ್ರ ಮುಟ್ಟುವ ಮೊದಲು ಐದು ನಿಮಿಷ ಎಲ್ಲರೂ ಮೌನವಾಗಿ ಕಾಗದದ ಮೇಲೆ ಎರಡು ಪದವನ್ನೋ ಒಂದು ಚಿತ್ರವನ್ನೋ ಗುರುತಿಸಿಕೊಳ್ಳಲಿ. ನಿಧಾನವಾಗಿ ಯೋಚಿಸುವ ಮಗುವಿಗೆ ಆ ಐದು ನಿಮಿಷ ಬಹಳ ದೊಡ್ಡದು.

ದೃಷ್ಟಿ ಮಂದವಿರುವ ನಿಮ್ಮ ವಿದ್ಯಾರ್ಥಿನಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಕನ್ನಡ ಶಾಲೆಗಳಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಗಾಗಿ ನಾನೇ ಅಭ್ಯಾಸದ ಹಾಳೆಯೊಂದನ್ನು ಸಿದ್ಧಪಡಿಸಿ ಕಂಪ್ಯೂಟರ್‌ಗೆ ಹಾಕಿಕೊಟ್ಟಿದ್ದೆ. ಅಲ್ಲಿದ್ದ ಅಂಧ ಬಾಲಕಿ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶವನ್ನು ಚೆನ್ನಾಗಿ ಬಳಸುತ್ತಿದ್ದಳು. ಹೆಡ್‌ಫೋನ್ ಹಾಕಿಕೊಂಡು ಅರ್ಧ ನಿಮಿಷ ಕೇಳಿದಳು, ತೆಗೆದು ಮೇಜಿನ ಮೇಲಿಟ್ಟಳು, "ಇದರಾಗ ಕನ್ನಡ ಇಲ್ರೀ ಸರ್" ಎಂದಳು. ಹೆಡ್‌ಫೋನನ್ನು ನಾನು ಕಿವಿಗಿಟ್ಟುಕೊಂಡಾಗ ಅರ್ಥವಾಯಿತು. ಹಾಳೆಯನ್ನು ನಾನು ಟೈಪ್ ಮಾಡಿದ್ದು ಹಳೆಯ ನುಡಿ ಅಕ್ಷರಶೈಲಿಯಲ್ಲಿ. ಆ ಶೈಲಿಯಲ್ಲಿ 'ಕನ್ನಡ' ಎಂಬ ಪದ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ, ಆದರೆ ಯಂತ್ರದೊಳಗೆ ಅದು ಇಂಗ್ಲಿಷಿನ ಪಿ ಅಕ್ಷರ, ಪೌಂಡಿನ ಗುರುತು, ಕ್ಯೂ ಅಕ್ಷರ ಮತ್ತು ಯುರೋಪಿನ ಭಾಷೆಗಳ ಒಂದಷ್ಟು ವಿಶೇಷ ಅಕ್ಷರಗಳ ಸಾಲು ಮಾತ್ರ. ತಂತ್ರಾಂಶ ಇದ್ದದ್ದನ್ನು ಇದ್ದಂತೆ ಓದಿತ್ತು. ನೋಡುವ ಕಣ್ಣಿನವರಾದ ನಾವು ಯಾರೂ ಅದನ್ನು ಗಮನಿಸುವುದು ಸಾಧ್ಯವೇ ಇರಲಿಲ್ಲ.

ಆದ್ದರಿಂದ ಮಕ್ಕಳ ಕೈಗೆ ಕೊಡುವ ಪ್ರತಿಯೊಂದೂ ಯೂನಿಕೋಡ್ ಕನ್ನಡದಲ್ಲಿಯೇ, ಅಂದರೆ ಯಂತ್ರವೂ ಕನ್ನಡವೆಂದೇ ಗುರುತಿಸುವ ಸಂಕೇತ ಪದ್ಧತಿಯಲ್ಲಿಯೇ ಇರಬೇಕು. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನುಡಿ ಕೀಲಿಮಣೆಯ ವಿನ್ಯಾಸಕ್ಕೇ ಕೈ ಒಗ್ಗಿದ್ದರೆ ಅದೇ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು, ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಗೂಗಲ್ ಡಾಕ್ಸ್‌ಗೆ ಹಳೆಯ ಅಕ್ಷರಶೈಲಿಯ ಪಠ್ಯವನ್ನು ತಂದು ಅಂಟಿಸಿದರೆ ಅದು ಯಾರಿಗೂ ಓದಲು ಬಾರದಂತೆ ಕಾಣುತ್ತದೆ, ಹಾಗಾಗಿ ಅಲ್ಲಿ ತಪ್ಪು ಕೂಡಲೇ ಬೆಳಕಿಗೆ ಬರುತ್ತದೆ. ಅಪಾಯವಿರುವುದು ವರ್ಡ್ ಕಡತಗಳಲ್ಲಿ ಮತ್ತು ಹಾಳೆಯ ಫೋಟೋ ತೆಗೆದು ಹಂಚುವ ಅಭ್ಯಾಸದಲ್ಲಿ. ಎನ್‌ವಿಡಿಎ ಉಚಿತ ತಂತ್ರಾಂಶ, ಅದರೊಂದಿಗೇ ಬರುವ ಧ್ವನಿ ಕನ್ನಡವನ್ನು ಓದುತ್ತದೆ. ಆ ಧ್ವನಿ ಯಾಂತ್ರಿಕವಾಗಿ ಕೇಳಿಸಿದರೂ ಮಕ್ಕಳಿಗೆ ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ.

ನಿಮ್ಮ ವಿದ್ಯಾರ್ಥಿನಿಗೆ ಸ್ವಲ್ಪವಾದರೂ ಕಾಣುತ್ತದೆ ಎಂದರೆ ಅವಳಿಗೆ ಪುಟವನ್ನು ದೊಡ್ಡದು ಮಾಡಿಕೊಂಡು ಓದುವುದೇ ಹಿತವೆನಿಸಬಹುದು. ಕಂಟ್ರೋಲ್ ಕೀಲಿಯೊಂದಿಗೆ ಪ್ಲಸ್ ಒತ್ತಿದರೆ ಬ್ರೌಸರ್ ಪುಟ ಹಿಗ್ಗುತ್ತದೆ, ವಿಂಡೋಸ್ ಕೀಲಿಯೊಂದಿಗೆ ಪ್ಲಸ್ ಒತ್ತಿದರೆ ಇಡೀ ಪರದೆಗೆ ಭೂತಕನ್ನಡಿ ಬರುತ್ತದೆ. ಇಲ್ಲಿ ಒಟ್ಟಾಗಿ ಬರೆಯುವ ಪುಟಗಳಿಗೇ ವಿಶಿಷ್ಟವಾದ ತೊಂದರೆಯೊಂದಿದೆ. ಮೇಲಿನ ಸಾಲಿನಲ್ಲಿ ಬೇರೊಬ್ಬರು ಬರೆಯತೊಡಗಿದ ಕೂಡಲೇ ಕೆಳಗಿನ ಸಾಲುಗಳೆಲ್ಲ ಜಾರುತ್ತವೆ. ಇಡೀ ಪುಟ ಕಾಣುವವರಿಗೆ ಅದು ಗಮನಕ್ಕೂ ಬರುವುದಿಲ್ಲ, ಆದರೆ ಭೂತಕನ್ನಡಿಯಲ್ಲಿ ನಾಲ್ಕೇ ಪದ ಕಾಣುವ ಮಗುವಿಗೆ ತಾನು ಓದುತ್ತಿದ್ದ ಸಾಲೇ ಕೈತಪ್ಪಿ ಹೋಗುತ್ತದೆ. ಅವಳ ತಂಡದ ಸಾಲನ್ನು ಕೋಷ್ಟಕದ ಎಲ್ಲಕ್ಕಿಂತ ಮೇಲೆ ಇಡಿ, ಆಗ ಅವಳ ಮೇಲೆ ಯಾರೂ ಬರೆಯುವುದಿಲ್ಲ. ಪ್ಯಾಡ್ಲೆಟ್ ಬಳಸುವಾಗ ಚೀಟಿಗಳನ್ನು ಮನಬಂದಲ್ಲಿ ಹರಡುವ ವಿನ್ಯಾಸ ಬೇಡ. ಒಂದರ ಕೆಳಗೊಂದು ಬರುವ, ಅಥವಾ ಶೀರ್ಷಿಕೆಯ ಕೆಳಗೆ ಕಂಬಸಾಲಾಗಿ ನಿಲ್ಲುವ ವಿನ್ಯಾಸ ಆರಿಸಿಕೊಳ್ಳಿ. ಬಣ್ಣದಿಂದ ಮಾತ್ರ ಗುಂಪುಗಳನ್ನು ಗುರುತಿಸಬೇಡಿ, ಬಣ್ಣದ ಜೊತೆಗೆ ಒಂದು ಅಕ್ಷರವೋ ಅಂಕಿಯೋ ಇರಲಿ.

ಅವಳಿಗಾಗಿ ಮಾಡುವ ಇನ್ನೊಂದು ಕೆಲಸ ಇಡೀ ತರಗತಿಗೆ ಲಾಭ ತರುತ್ತದೆ. ಪುಟಕ್ಕೆ ಯಾರೇ ಚಿತ್ರ ಹಾಕಿದರೂ ಅದರ ಕೆಳಗೆ, ಚಿತ್ರ ಕಾಣದವರಿಗೆ ತಿಳಿಯುವಂತೆ, ಎರಡು ವಾಕ್ಯ ಬರೆಯಬೇಕು ಎಂದು ನಿಯಮ ಮಾಡಿ. ನಾನು ಕಂಡ ಒಂದು ತರಗತಿಯಲ್ಲಿ ಹುಡುಗನೊಬ್ಬ ಬಾವಿಯ ಫೋಟೋ ಕೆಳಗೆ ಮೊದಲು "ಬಾವಿ" ಎಂದಷ್ಟೇ ಬರೆದ. ಪಕ್ಕದಲ್ಲಿದ್ದ ದೃಷ್ಟಿದೋಷದ ಗೆಳತಿ "ನೀರು ಅದಾವೋ ಇಲ್ಲೋ" ಎಂದು ಕೇಳಿದಳು. ಅವನು ಮತ್ತೆ ಫೋಟೋ ನೋಡಿ, ಮೆಟ್ಟಿಲುಗಳಿವೆ, ಏಳನೆಯ ಮೆಟ್ಟಿಲಿನ ತನಕ ಕಲ್ಲಿನ ಬಣ್ಣ ಬೇರೆ ಇದೆ, ನೀರು ಅದಕ್ಕಿಂತ ಬಹಳ ಕೆಳಗಿದೆ ಎಂದು ಬರೆದ. ಹಿಂದೆ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂಬ ಅಂತರ್ಜಲದ ಪಾಠ ಆ ಬಣ್ಣದ ಗೆರೆಯಲ್ಲಿಯೇ ಇತ್ತು. ಅದನ್ನು ಅವನಿಗೆ ತೋರಿಸಿದ್ದು ಅವಳ ಪ್ರಶ್ನೆ. ಕನ್ನಡ ಮನೆಮಾತಲ್ಲದ ಮಕ್ಕಳಿಗೂ ಇಂಥ ವರ್ಣನೆಗಳೇ ಪದಸಂಪತ್ತು ಬೆಳೆಸುವ ಒಳ್ಳೆಯ ಅಭ್ಯಾಸ.

ಶ್ರವಣ ಸಾಧನದ ಹುಡುಗನಿಗೆ ಗುಂಪಿನ ಚರ್ಚೆಯೇ ದೊಡ್ಡ ಕಷ್ಟ. ಸಾಧನವು ಗೆಳೆಯನ ಮಾತಿನೊಂದಿಗೆ ಫ್ಯಾನಿನ ಸದ್ದು, ಬೆಂಚಿನ ಸದ್ದು ಎಲ್ಲವನ್ನೂ ದೊಡ್ಡದು ಮಾಡುತ್ತದೆ, ಮೂವರು ಒಟ್ಟಿಗೆ ಮಾತಾಡಿದರೆ ಅವನಿಗೆ ಒಬ್ಬರ ಮಾತೂ ತಿಳಿಯುವುದಿಲ್ಲ. ಚರ್ಚೆ ಬರವಣಿಗೆಯಲ್ಲಿ ನಡೆದಾಗ ಅವನು ಎಲ್ಲರಿಗೂ ಸಮ. ಮಾತಾಡಲೇಬೇಕಾದಾಗ ಪ್ರತಿಯೊಬ್ಬರೂ ಮುಖ್ಯಾಂಶವನ್ನು ಪುಟದಲ್ಲಿ ಬರೆದ ಮೇಲೆಯೇ ಮುಂದಿನವರು ಆರಂಭಿಸಲಿ. ಆಂಡ್ರಾಯ್ಡ್ ಫೋನಿನ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಆ್ಯಪ್ ಕನ್ನಡ ಮಾತನ್ನು ಆಗಿಂದಾಗ್ಗೆ ಅಕ್ಷರಕ್ಕಿಳಿಸುತ್ತದೆ. ಗದ್ದಲದಲ್ಲಿ ಅದು ಸೋಲುತ್ತದೆ, ನೀವೊಬ್ಬರೇ ಪಾಠ ಹೇಳುವಾಗ ಫೋನನ್ನು ನಿಮ್ಮ ಹತ್ತಿರವಿಟ್ಟರೆ ಮಾತ್ರ ನೆರವಾದೀತು.

ಅಕ್ಷರ ಕೂಡಿಸಿ ಓದುವ ಏಳೆಂಟು ಮಕ್ಕಳಿಗೆ ಧ್ವನಿಯೇ ಬಾಗಿಲು. ಪ್ಯಾಡ್ಲೆಟ್‌ನ ಚೀಟಿಯಲ್ಲಿ ಧ್ವನಿಯನ್ನು ಮುದ್ರಿಸಬಹುದು. ಗೂಗಲ್ ಡಾಕ್ಸ್‌ನಲ್ಲಿ ಕ್ರೋಮ್ ಬ್ರೌಸರ್ ಮೂಲಕ ಕನ್ನಡದಲ್ಲಿ ಮಾತಾಡಿದರೆ ಅದು ಅಕ್ಷರವಾಗಿ ಮೂಡುತ್ತದೆ, ಈ ಸೌಲಭ್ಯ ಕನ್ನಡಕ್ಕೂ ಇದೆ. ಆದರೆ ನಿಮ್ಮ ಕಡೆಯ ಮಕ್ಕಳೊಂದಿಗೆ ಬಳಸುವಾಗ ಒಂದು ಎಚ್ಚರ ಬೇಕು. ಯಂತ್ರ ಚೆನ್ನಾಗಿ ಗುರುತಿಸುವುದು ಪುಸ್ತಕದ ಕನ್ನಡವನ್ನು. ಮಗು "ಬಾವ್ಯಾಗಿನ ನೀರು ಬತ್ಯಾವ" ಎಂದರೆ ಪರದೆಯ ಮೇಲೆ ಬೇರೇನೋ ಮೂಡಬಹುದು, ಆಗ ತನ್ನ ಮಾತೇ ತಪ್ಪು ಎಂದು ಮಗು ತಿಳಿದುಕೊಳ್ಳುತ್ತದೆ. ತಪ್ಪು ಯಂತ್ರದ್ದೆಂದು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ಮೊದಲ ಸಲ ತನ್ನ ಮಾತಿನಲ್ಲಿಯೇ ಧ್ವನಿ ಮುದ್ರಿಸಲಿ, ಆಮೇಲೆ ತಂಡದ ಗೆಳೆಯರು ಅದನ್ನು ಕೇಳಿ "ಬಾವಿಯ ನೀರು ಬತ್ತಿದೆ" ಎಂದು ಅಕ್ಷರಕ್ಕಿಳಿಸಲಿ, ಕೊನೆಗೆ ಹೇಳಿದ ಮಗುವೇ ಅದನ್ನು ಗಟ್ಟಿಯಾಗಿ ಓದಲಿ. ತಾನೇ ಹೇಳಿದ ಮಾತಾದ್ದರಿಂದ ಅದನ್ನು ಓದುವುದು ಅದಕ್ಕೆ ಸುಲಭ. ಪಠ್ಯಪುಸ್ತಕದ ಅಪರಿಚಿತ ವಾಕ್ಯದಲ್ಲಿ ಎಡವುವ ಮಗು ತನ್ನ ವಾಕ್ಯವನ್ನು ಓದಿ ಮುಗಿಸುವುದನ್ನು ನಾನು ಹಲವು ಸಲ ಕಂಡಿದ್ದೇನೆ, ಪ್ರತಿ ಸಲವೂ ನನಗೆ ಸಂತೋಷವಾಗಿದೆ.

ಮನೆಮಾತಿನ ವಿಷಯದಲ್ಲಿ ಯಂತ್ರಾನುವಾದದ ಮೇಲೆ ಭಾರ ಹಾಕಬೇಡಿ. ತೆಲುಗು, ಉರ್ದುವಿಗೆ ಅದು ಅಷ್ಟಿಷ್ಟು ನೆರವಾದೀತು. ಎಲ್ಲ ಕಡೆಯವರೂ ಒಪ್ಪಿಕೊಂಡ ಸ್ವಂತ ಲಿಪಿಯಿಲ್ಲದ, ನಮ್ಮಲ್ಲಿ ಕನ್ನಡ ಲಿಪಿಯಲ್ಲಿಯೂ ನೆರೆರಾಜ್ಯಗಳಲ್ಲಿ ತೆಲುಗು, ದೇವನಾಗರಿಗಳಲ್ಲಿಯೂ ಬರೆಯುವ ಲಂಬಾಣಿಗೆ ನಿಮ್ಮ ತರಗತಿಯ ಮಕ್ಕಳೇ ಅನುವಾದಕರು. ವರ್ಷವಿಡೀ ಬೆಳೆಯುವ ಪದಪಟ್ಟಿಯೊಂದನ್ನು ಗೂಗಲ್ ಶೀಟ್ಸ್‌ನಲ್ಲಿ ಆರಂಭಿಸಿ. ಕೆರೆ ಎಂಬ ಪದದ ಎದುರು ತೆಲುಗಿನ ಹುಡುಗ ಚೆರುವು ಎಂದು, ಉರ್ದುವಿನ ಹುಡುಗಿ ತಾಲಾಬ್ ಎಂದು ಕನ್ನಡ ಲಿಪಿಯಲ್ಲಿಯೇ ಬರೆಯಲಿ, ತಾಂಡಾದ ಮಕ್ಕಳು ತಮ್ಮ ಪದ ಸೇರಿಸಲಿ, ಇನ್ನೊಂದು ಮನೆಯಲ್ಲಿ ಚಿತ್ರವಿರಲಿ. ಅಂತರ್ಜಲ, ಜಲಾನಯನ, ಆವಿಯಾಗುವಿಕೆ ಮುಂತಾದ ಪಾರಿಭಾಷಿಕ ಪದಗಳು ಕನ್ನಡ ಮನೆಮಾತಿನ ಮಕ್ಕಳಿಗೂ ಪರಕೀಯವೇ, ಅವುಗಳ ಎದುರು ಎಲ್ಲರೂ ಸರಿಸಮಾನರಾಗಿ ಕೂತು ಅರ್ಥ ಹುಡುಕುತ್ತಾರೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿಯುವ ಹಳ್ಳಿಯವರು ಕಾಲುವೆಗೆ ಬಳಸುವ ಮಾತು, ತಾಂಡಾದ ಹಿರಿಯರು ಹಳ್ಳಕ್ಕೆ ಬಳಸುವ ಮಾತು ಎಲ್ಲವೂ ಆ ಪಟ್ಟಿಗೆ ಬಂದರೆ ಸಮಾಜ ವಿಜ್ಞಾನಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ.

ಇಂಟರ್‌ನೆಟ್ ಕೈಕೊಡುವುದನ್ನು ಪಾಠದ ಯೋಜನೆಯಲ್ಲಿಯೇ ಸೇರಿಸಿಕೊಳ್ಳಿ. ಗೂಗಲ್ ಡಾಕ್ಸ್ ಅನ್ನು ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ಮೊದಲೇ ಹೊಂದಿಸಿಡಬಹುದು, ಆದರೆ ಆಗ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದು ಸಂಪರ್ಕ ಬಂದ ಮೇಲೆಯೇ. ನಿಮ್ಮ ಕೊಠಡಿಯ ಎಂಟು ಯಂತ್ರಗಳು ಪರಸ್ಪರ ಜೋಡಿಸಲ್ಪಟ್ಟಿದ್ದರೆ ಈಥರ್‌ಪ್ಯಾಡ್ ಎಂಬ ಮುಕ್ತ ತಂತ್ರಾಂಶವನ್ನು ಅವುಗಳಲ್ಲಿ ಒಂದರೊಳಗೆ ಅಳವಡಿಸಿ, ಹೊರಗಿನ ಇಂಟರ್‌ನೆಟ್ ಇಲ್ಲದೆಯೇ ಎಂಟೂ ಕಡೆಯಿಂದ ಒಂದೇ ಪುಟದಲ್ಲಿ ಬರೆಯಬಹುದು. ಪ್ರತಿ ಯಂತ್ರದ ಬರಹಕ್ಕೆ ಬೇರೆ ಬಣ್ಣ ಬರುತ್ತದೆ, ಪುಟ ಹೇಗೆ ಬೆಳೆಯಿತು ಎಂಬುದನ್ನು ಹಿಂದಕ್ಕೆ ಹೋಗಿ ನೋಡಲೂಬಹುದು. ಅಳವಡಿಸಲು ಕಂಪ್ಯೂಟರ್ ಬಲ್ಲವರೊಬ್ಬರ ಅರ್ಧ ದಿನದ ನೆರವು ಬೇಕು, ಆಮೇಲೆ ಅದು ನಿಮ್ಮದೇ. ಕಂಪನಿಗಳ ಸಾಧನಗಳು ಶಾಶ್ವತವಲ್ಲ ಎಂಬುದೂ ನೆನಪಿರಲಿ. ಸಾವಿರಾರು ಶಿಕ್ಷಕರು ಒಟ್ಟಾಗಿ ಬರೆಯುವ ಹಲಗೆಯಾಗಿ ಬಳಸುತ್ತಿದ್ದ ಗೂಗಲ್ ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿಹೋಯಿತು. ಮಕ್ಕಳ ಪುಟ ಪೂರ್ಣವಾದ ದಿನವೇ ಅದನ್ನು ಪಿಡಿಎಫ್ ಮಾಡಿಟ್ಟು, ಒಂದು ಪ್ರತಿ ಮುದ್ರಿಸಿ ಶಾಲೆಯ ಗೋಡೆಗೆ ಅಂಟಿಸಿ. ಮೊಬೈಲ್ ಇಲ್ಲದ ಮನೆಯ ತಂದೆತಾಯಿ ತಮ್ಮ ಮಗುವಿನ ಬರಹವನ್ನು ಕಾಣುವುದು ಅಲ್ಲಿಯೇ.

ಮನೆಯಿಂದ ಬರೆದು ಕಳಿಸಿ ಎಂಬ ಮನೆಗೆಲಸವನ್ನು ಮಾತ್ರ ಕೊಡಬೇಡಿ. ಫೋನು ಹೆಚ್ಚಾಗಿ ತಂದೆಯ ಜೇಬಿನಲ್ಲಿರುತ್ತದೆ, ಹಗಲು ಹೊಲದಲ್ಲಿರುತ್ತದೆ, ಮನೆಗೆ ಬಂದರೂ ಮಗನ ಕೈಗೆ ಸಿಕ್ಕಷ್ಟು ಸುಲಭವಾಗಿ ಮಗಳ ಕೈಗೆ ಸಿಗುವುದಿಲ್ಲ. ಇದಕ್ಕೆ ಒಂದೇ ಅಪವಾದ, ಸುಗ್ಗಿಯ ನಂತರ ಹೆತ್ತವರೊಂದಿಗೆ ದುಡಿಯಲು ಬೆಂಗಳೂರಿಗೋ ಪುಣೆಗೋ ಹೋಗುವ ಮಕ್ಕಳು. ಅವರ ಸಾಲನ್ನು ಅಳಿಸದೆ ಹಾಗೆಯೇ ಇಟ್ಟುಕೊಳ್ಳಿ, ಅವರ ಕೈಗೆ ಫೋನ್ ಸಿಕ್ಕ ದಿನ ಒಂದು ಧ್ವನಿ ಸಂದೇಶ ಬಂದರೂ ಸಾಕು, ತಂಡದ ಗೆಳೆಯರು ಅದನ್ನು ಪುಟಕ್ಕಿಳಿಸುತ್ತಾರೆ. ಕಟ್ಟಡ ಕೆಲಸದವರ ಶೆಡ್ಡಿಗೆ ಟ್ಯಾಂಕರ್ ನೀರು ಯಾವಾಗ ಬರುತ್ತದೆ, ಒಂದು ಕೊಡಕ್ಕೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅಂಥ ಮಗುವಲ್ಲದೆ ನಿಮ್ಮ ತರಗತಿಗೆ ಬೇರಾರು ಹೇಳಬಲ್ಲರು? ಮೂರು ತಿಂಗಳ ನಂತರ ಮರಳಿ ಬಂದಾಗ ತನ್ನ ಸಾಲು ಪುಟದಲ್ಲಿ ಇನ್ನೂ ಇದೆ ಎಂಬುದನ್ನು ಕಂಡ ಮಗು ಶಾಲೆ ಬಿಡುವ ಸಾಧ್ಯತೆ ಕಡಿಮೆ ಎಂದು ನಾನು ನಂಬಿದ್ದೇನೆ.

ಮಕ್ಕಳ ಗುರುತಿನ ರಕ್ಷಣೆಯಲ್ಲಿ ಸಡಿಲ ಬಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ, ಅವರ ಮಾಹಿತಿಯ ಬಳಕೆಗೆ ಹೆತ್ತವರ ಒಪ್ಪಿಗೆಗೆ ಆ ಕಾಯ್ದೆ ಮಹತ್ವ ಕೊಟ್ಟಿದೆ. ನೀವು ಹೇಳಿದ ಎರಡೂ ಸಾಧನಗಳಲ್ಲಿ ಮಕ್ಕಳಿಗೆ ಪ್ರತ್ಯೇಕ ಖಾತೆಯಿಲ್ಲದೆಯೇ ಕೊಂಡಿಯ (ಲಿಂಕ್) ಮೂಲಕ ಬರೆಯಿಸಬಹುದು. ಪೂರ್ಣ ಹೆಸರಿನ ಬದಲು ತಂಡದ ಹೆಸರು ಬಳಸಿ, ಮಕ್ಕಳ ಮುಖದ ಫೋಟೋ ಬೇಡ, ಅವಧಿ ಮುಗಿದ ಕೂಡಲೇ ಕೊಂಡಿಯಿಂದ ಬರೆಯುವ ಅನುಮತಿಯನ್ನು ತೆಗೆದುಬಿಡಿ. ಪ್ಯಾಡ್ಲೆಟ್‌ನಲ್ಲಿ ನಿಮ್ಮ ಒಪ್ಪಿಗೆಯ ನಂತರವೇ ಚೀಟಿ ಕಾಣುವಂತೆ ಹೊಂದಿಸಿ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಮ್ಮೆ ಇಡೀ ಪುಟವನ್ನು ಪರದೆಯ ಮೇಲೆ ತೋರಿಸಿ ಹೆತ್ತವರ ಒಪ್ಪಿಗೆ ಪಡೆದರೆ ಅವರಿಗೂ ಭಯ ಕಳೆಯುತ್ತದೆ. ಇನ್ನು, 'ನಿಧಾನ ಕಲಿಕೆಯವರು' ಎಂಬಂಥ ಹೆಸರನ್ನು ಯಾವ ಪುಟಕ್ಕೂ ಯಾವ ಕಡತಕ್ಕೂ ಇಡಬೇಡಿ. ಬಾಯಲ್ಲಿ ಆಡಿದ ಮಾತು ಮರೆತುಹೋದೀತು, ಹಂಚಿಕೊಂಡ ಕಡತದ ಹೆಸರು ಎಲ್ಲರ ಪರದೆಯ ಮೇಲೆ ಉಳಿಯುತ್ತದೆ.

ಈ ಕೆಲಸವನ್ನು ಕಲಿಕೆಯ ನಡುವೆಯೇ ನಡೆಸುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಪರಿಗಣಿಸಬಹುದು. ಆದರೆ ಯಾರು ಎಷ್ಟು ಪದ ಬರೆದರು ಎಂದು ಪುಟದ ಹಳೆಯ ಆವೃತ್ತಿಗಳನ್ನು ತೆರೆದು ಎಣಿಸಬೇಡಿ. ಆ ಎಣಿಕೆ ಮತ್ತೆ ನಿಮ್ಮ ನಾಲ್ವರನ್ನೇ ಗೆಲ್ಲಿಸುತ್ತದೆ. ಮಗು ತನ್ನ ತುಂಡನ್ನು ಇತರರಿಗೆ ತಿಳಿಯುವಂತೆ ಹೇಳಿತೇ, ಇತರರ ಒಂದು ತುಂಡನ್ನಾದರೂ ತನ್ನ ಮಾತಿನಲ್ಲಿ ಮರಳಿ ಹೇಳಬಲ್ಲದೇ ಎಂಬ ಎರಡೇ ಪ್ರಶ್ನೆ ಸಾಕು, ಉತ್ತರ ಧ್ವನಿಯಲ್ಲಿದ್ದರೂ ಚಿತ್ರದಲ್ಲಿದ್ದರೂ ಅಂಕ ಒಂದೇ. ಅಂಗವೈಕಲ್ಯವಿರುವ ಮಕ್ಕಳಿಗೆ ಇಂಥ ಹೊಂದಾಣಿಕೆ ಮಾಡಿಕೊಡುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಂತೆ ಶಾಲೆಯ ಕರ್ತವ್ಯ. ಸಹೋದ್ಯೋಗಿಗಳು ರಿಯಾಯಿತಿ ಕೊಟ್ಟಿರಿ ಎಂದು ಆಕ್ಷೇಪಿಸಿದರೆ ಇದನ್ನು ಧೈರ್ಯವಾಗಿ ಹೇಳಿ.

ಎಲ್ಲವನ್ನೂ ಒಟ್ಟಿಗೆ ಆರಂಭಿಸುವ ಅಗತ್ಯವಿಲ್ಲ. ಈ ತಿಂಗಳು ಒಂದೇ ಪಾಠ, ಒಂದೇ ಕೋಷ್ಟಕ ಸಾಕು. ಆದರೆ ಮಕ್ಕಳಿಗೆ ತೋರಿಸುವ ಮುನ್ನಾದಿನ ದೃಷ್ಟಿ ಮಂದವಿರುವ ಆ ವಿದ್ಯಾರ್ಥಿನಿಯನ್ನು ಹತ್ತು ನಿಮಿಷ ಯಂತ್ರದ ಮುಂದೆ ಕೂರಿಸಿಕೊಂಡು, ಪುಟವನ್ನು ಅವಳೇ ತೆರೆಯಲು ಬಿಡಿ. ಅಕ್ಷರ ಎಷ್ಟು ದೊಡ್ಡದಿರಬೇಕು, ಎಲ್ಲಿ ಸಾಲು ತಪ್ಪುತ್ತದೆ, ಕೇಳುವುದು ಹಿತವೋ ನೋಡುವುದು ಹಿತವೋ ಎಂದು ಅವಳನ್ನೇ ಕೇಳಿ, ಅವಳು ಹೇಳಿದಂತೆ ಪುಟವನ್ನು ತಿದ್ದಿ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ನೇಮಕಗೊಂಡ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರು ನಿಮ್ಮ ಶಾಲೆಗೆ ಬರುವ ದಿನವನ್ನು ಕೇಳಿ ತಿಳಿದುಕೊಂಡು, ಆ ಹತ್ತು ನಿಮಿಷವನ್ನು ಅದೇ ದಿನಕ್ಕೆ ಇಟ್ಟುಕೊಂಡರೆ ಎನ್‌ವಿಡಿಎ ಅಳವಡಿಸುವ ಕೆಲಸವೂ ಅವರ ಎದುರಿನಲ್ಲಿಯೇ ಮುಗಿಯುತ್ತದೆ.